ಡಿಲೀಟ್ ಆದ ಉಳ್ಳಾಗಡ್ಡಿ

ಫೈಲ್ ಡಿಲೀಟ್ ಆಯ್ತು ಅಂತ ಗೊತ್ತಾದ ತಕ್ಷಣ ನಮ್ಮ ಹಾಸ್ಟೆಲ್‌ನಲ್ಲಿ ಎಲ್ಲರೂ ಮಾಡೋ ಮೊದಲ ಕೆಲಸ ಒಂದೇ: ಲ್ಯಾಪ್‌ಟಾಪ್ ರೀಸ್ಟಾರ್ಟ್. ಎರಡನೇದು, ಬ್ರೌಸರ್ ತೆಗೆದು ಫ್ರೀ ರಿಕವರಿ ಸಾಫ್ಟ್‌ವೇರ್ ಹುಡುಕಿ, ಡೌನ್‌ಲೋಡ್ ಮಾಡಿ, ಅದೇ ಡಿಸ್ಕ್‌ಗೆ ಇನ್‌ಸ್ಟಾಲ್ ಮಾಡೋದು. ಮೂರನೇದು, ಅಮ್ಮನಿಗೆ ಫೋನ್. ಈ ಮೂರರಲ್ಲಿ ಡೇಟಾಗೆ ಏನೂ ಹಾನಿ ಮಾಡದೇ ಇರೋದು ಮೂರನೇದೊಂದೇ.

ಮೊದಲೆರಡು ಯಾಕೆ ತಪ್ಪು ಅಂತ ತಿಳಿಯೋಕೆ ಓಎಸ್ ಪೇಪರ್‌ನ ಐನೋಡ್ ಡಯಾಗ್ರಾಂ ನೆನಪಿಸ್ಕೊಳ್ಳಿ. ಡಯಾಗ್ರಾಂ ಬರೆದು ಮಾರ್ಕ್ಸ್ ತಗೊಂಡು ಅಲ್ಲೇ ಬಿಟ್ಟು ಬಂದಿದ್ರೆ, ಹಾಸ್ಟೆಲ್ ಲೆಕ್ಕದಲ್ಲಿ ಹೇಳ್ತೀನಿ. ಡೈರೆಕ್ಟರಿ ಅಂದ್ರೆ ನೋಟಿಸ್ ಬೋರ್ಡ್ ಮೇಲಿನ ಪಟ್ಟಿ: ಹೆಸರು, ಪಕ್ಕದಲ್ಲಿ ಒಂದು ನಂಬರ್, ಅಷ್ಟೇ. ಐನೋಡ್ ಅಂದ್ರೆ ವಾರ್ಡನ್ ರಿಜಿಸ್ಟರ್‌ನಲ್ಲಿ ಆ ನಂಬರಿನ ಪುಟ: ಸಾಮಾನು ಯಾವ್ಯಾವ ರೂಮಲ್ಲಿದೆ, ಎಷ್ಟಿದೆ, ಯಾವತ್ತು ಬಂತು. ಡಿಸ್ಕ್ ಬ್ಲಾಕ್‌ಗಳೇ ರೂಮು. ನೀವು ಆರ್‌ಎಂ ಹೊಡೆದಾಗ ಕರ್ನಲ್ ಮಾಡೋ ಕೆಲಸದ ಹೆಸರು ಅನ್‌ಲಿಂಕ್. ಬೋರ್ಡ್ ಮೇಲಿನ ಹೆಸರು ಹೊಡೆದು ಹಾಕುತ್ತೆ. ಆ ಪುಟಕ್ಕೆ ಬೇರೆ ಯಾವ ಹೆಸರೂ ಉಳಿದಿಲ್ಲ ಅಂದ್ರೆ, ರೂಮು ಖಾಲಿ ಅಂತ ಗುರುತು ಹಾಕುತ್ತೆ. ರೂಮಿನೊಳಗಿನ ಟ್ರಂಕು, ಹಾಸಿಗೆ, ಬಕೆಟ್ ಯಾರೂ ಮುಟ್ಟಿರಲ್ಲ. ಹೊಸಬ ಬಂದು ತನ್ನ ಸಾಮಾನು ತುಂಬೋವರೆಗೂ ಅದು ಹಾಗೇ ಇರುತ್ತೆ. ನೀವು ಇಳಿಸ್ಕೊಂಡ ರಿಕವರಿ ಸಾಫ್ಟ್‌ವೇರೇ ಆ ಹೊಸಬ.

ಇದರಲ್ಲಿ ಇನ್ನೊಂದು ಷರತ್ತಿದೆ, ನನಗೆ ತುಂಬಾ ಇಷ್ಟವಾದದ್ದು. ರೂಮಿನೊಳಗೆ ಯಾರಾದ್ರೂ ಇದ್ದರೆ, ಅಂದ್ರೆ ಯಾವುದೋ ಪ್ರೋಗ್ರಾಂ ಆ ಫೈಲನ್ನ ತೆರೆದು ಇಟ್ಟುಕೊಂಡಿದ್ದರೆ, ಹೆಸರು ಹೋದ್ರೂ ರೂಮು ಖಾಲಿ ಅಂತ ಗುರುತು ಬೀಳಲ್ಲ. ಅವರು ಹೊರಗೆ ಬರೋವರೆಗೂ ಕರ್ನಲ್ ಕಾಯುತ್ತೆ. ವಿಎಲ್‌ಸಿಯಲ್ಲಿ ಸಿನಿಮಾ ಓಡ್ತಿರುವಾಗ ಆ ಫೈಲ್ ಡಿಲೀಟ್ ಮಾಡಿ ನೋಡಿ, ಸಿನಿಮಾ ಕ್ಲೈಮ್ಯಾಕ್ಸ್ ತನಕ ಓಡುತ್ತೆ. ನಮ್ಮ ಗದಗನ ಪ್ರಾಜೆಕ್ಟ್ ಉಳಿದದ್ದು ಈ ಒಂದು ಷರತ್ತಿನಿಂದ.

ಗದಗ ಅನ್ನೋದು ಅವನ ಹೆಸರಲ್ಲ, ಊರು. ಹಾಸ್ಟೆಲ್‌ನಲ್ಲಿ ಮೂರು ವರ್ಷ ಆದಮೇಲೆ ಊರೇ ಹೆಸರಾಗಿಬಿಡುತ್ತೆ. ಫೈನಲ್ ಇಯರ್ ಪ್ರಾಜೆಕ್ಟ್‌ಗೆ ಅವನು ಮಾಡ್ತಿದ್ದದ್ದು ಡ್ರಿಪ್ ನೀರಾವರಿ. ಹಾಸ್ಟೆಲ್ ಹಿಂದಿನ ಜಾಗದಲ್ಲಿ ನಾಲ್ಕು ಪಾತಿ ಮಾಡಿ, ಊರಿಂದ ಈರುಳ್ಳಿ ಸಸಿ ತಂದು ನೆಟ್ಟು, ಪ್ರತಿ ಪಾತಿಗೂ ಒಂದು ಮಣ್ಣಿನ ತೇವದ ಸೆನ್ಸರ್ ಚುಚ್ಚಿದ್ದ. ಅದು ವೈಫೈ ಬೋರ್ಡ್ ಮೂಲಕ ಹತ್ತು ನಿಮಿಷಕ್ಕೊಂದು ಸಲ ರೂಮಿನಲ್ಲಿದ್ದ ಅವನ ಹಳೇ ಲ್ಯಾಪ್‌ಟಾಪ್‌ಗೆ ರೀಡಿಂಗ್ ಕಳಿಸೋದು. ಅಲ್ಲಿ ಉಬುಂಟು ಮೇಲೆ ಒಂದು ಪೈಥಾನ್ ಸ್ಕ್ರಿಪ್ಟ್ ಕೂತು ಅದನ್ನ ಸಿಎಸ್‌ವಿ ಫೈಲ್‌ಗೆ ಬರೀತಾ ಇರೋದು. ಏಳು ವಾರ, ಹಗಲೂ ರಾತ್ರಿ. ಸಬ್‌ಮಿಷನ್‌ಗೆ 12 ದಿನ ಇತ್ತು. ಕೋಡ್ ಹೋದ್ರೆ ನಾಲ್ಕು ರಾತ್ರಿ ಕೂತು ಮತ್ತೆ ಬರೀಬಹುದು. ಈರುಳ್ಳಿಗೆ ಹೋಗಿ, ಏಳು ವಾರ ಹಿಂದಕ್ಕೆ ಹೋಗಿ ಮತ್ತೆ ಬೆಳೆಯಪ್ಪಾ ಅನ್ನೋಕಾಗಲ್ಲ.

ಅವತ್ತು ರಾತ್ರಿ ಹನ್ನೊಂದೂವರೆಗೆ ಅವನು ಪ್ಲಾಟ್ ಅಂತ ಶುರುವಾಗೋ ಹೆಸರಿನ ಹಳೇ ಗ್ರಾಫ್ ಚಿತ್ರಗಳನ್ನ ಅಳಿಸೋಕೆ ಹೊರಟಿದ್ದ. ಆರ್‌ಎಂ, ಹೈಫನ್ ಆರ್‌ಎಫ್, ಪ್ಲಾಟ್, ಸ್ಟಾರ್. ಪ್ಲಾಟ್‌ಗೂ ಸ್ಟಾರ್‌ಗೂ ಮಧ್ಯೆ ಒಂದು ಸ್ಪೇಸ್ ಬಿತ್ತು. (ಕಮಾಂಡ್‌ಗಳನ್ನ ಇಲ್ಲಿ ಉಚ್ಚಾರದ ಹಾಗೆ ಬರೀತಿದ್ದೀನಿ. ಟರ್ಮಿನಲ್ ನಮ್ಮ ಕ್ಲಬ್ ಮೆಂಬರ್ ಅಲ್ಲ, ಅಲ್ಲಿ ಇಂಗ್ಲಿಷ್‌ನಲ್ಲೇ ಹೊಡೀರಿ.) ಶೆಲ್ ಅದನ್ನ ಓದಿದ್ದು ಹೀಗೆ: ಪ್ಲಾಟ್ ಅನ್ನೋ ಫೈಲ್ ಅಳಿಸು, ಆಮೇಲೆ ಇಲ್ಲಿರೋದೆಲ್ಲಾ ಅಳಿಸು. ಪ್ಲಾಟ್ ಅನ್ನೋ ಹೆಸರಿನ ಫೈಲ್ ಇರಲೇ ಇಲ್ಲ. ಆದರೆ ಹೈಫನ್ ಎಫ್ ಇದ್ದಾಗ ಆರ್‌ಎಂ 'ಅಂಥ ಫೈಲ್ ಇಲ್ಲ' ಅಂತಲೂ ಗೊಣಗಲ್ಲ. ಸುಮ್ಮನೆ ಪ್ರಾಂಪ್ಟ್ ವಾಪಸ್ ಬಂತು. ಸ್ಟಾರ್‌ಗೆ ಚುಕ್ಕಿಯಿಂದ ಶುರುವಾಗೋ ಹೆಸರು ಸಿಗಲ್ಲ, ಹಾಗಾಗಿ ಡಾಟ್ ಗಿಟ್ ಫೋಲ್ಡರ್ ಇದ್ದಿದ್ರೆ ಅದಾದ್ರೂ ಉಳಿದಿರೋದು. ಇರಲಿಲ್ಲ.

"ಲೇ, ಎಲ್ಲಾ ಹೋತಲೇ" ಅಂದ. ಕೂಗಲಿಲ್ಲ, ತಣ್ಣಗೆ ಅಂದ. ಅದಕ್ಕೇ ನನಗೆ ಭಯ ಆದದ್ದು. ನಾನು ಮಂಚದಿಂದ ಇಳಿಯೋಷ್ಟರಲ್ಲಿ ಅವನ ಬೆರಳು ಪವರ್ ಬಟನ್ ಮೇಲಿತ್ತು.

"ಕೈ ತೆಗಿ ಮಗಾ. ಲಾಗರ್ ಓಡ್ತಾ ಇದೆಯಾ?"

"ಓಡಾಕತ್ತೈತಿ. ಆದ್ರ ಫೈಲೇ ಇಲ್ಲಲ್ಲೋ, ಎಲ್ಲಿಗೆ ಬರೀತೈತಿ ಅದು?"

ಪ್ರಶ್ನೆ ಸರಿಯಾಗೇ ಇತ್ತು. ಇಲ್ಲದ ಫೈಲಿಗೆ ಬರೀತಾ ಇತ್ತು. ಎಲ್‌ಎಸ್‌ಓಎಫ್ ಪ್ಲಸ್ ಎಲ್1 ಅಂತ ಒಂದು ಕಮಾಂಡ್ ಇದೆ, ಹೆಸರಿಲ್ಲದಿದ್ದರೂ ಇನ್ನೂ ತೆರೆದಿರೋ ಫೈಲ್‌ಗಳ ಪಟ್ಟಿ ಕೊಡುತ್ತೆ. ಹೊಡೆದ್ವಿ. ಪೈಥಾನ್ ಅಂತ ಒಂದು ಸಾಲು, ಪ್ರಾಸೆಸ್ ನಂಬರ್, ಫೈಲ್ ಡಿಸ್ಕ್ರಿಪ್ಟರ್ 3, ಕೊನೆಯಲ್ಲಿ ಡಿಲೀಟೆಡ್ ಅನ್ನೋ ಪದ. ಲಿನಕ್ಸ್‌ನಲ್ಲಿ ಪ್ರಾಕ್ ಅನ್ನೋ ಡೈರೆಕ್ಟರಿಯೊಳಗೆ ಪ್ರತಿ ಪ್ರಾಸೆಸ್‌ಗೂ ಅದರ ನಂಬರಿನದೇ ಫೋಲ್ಡರ್ ಇರುತ್ತೆ, ಅದರೊಳಗೆ ಎಫ್‌ಡಿ, ಅದರೊಳಗೆ ಆ ಪ್ರಾಸೆಸ್ ತೆರೆದಿಟ್ಟ ಒಂದೊಂದು ಫೈಲಿಗೂ ಒಂದೊಂದು ಬಾಗಿಲು. 0, 1, 2 ಇನ್‌ಪುಟ್, ಔಟ್‌ಪುಟ್, ಎರರ್‌ಗೆ ಮೀಸಲು. ಮೂರನೇ ಬಾಗಿಲ ಹಿಂದೆ ಏಳು ವಾರದ ಈರುಳ್ಳಿ ಕೂತಿತ್ತು. ಸಿಪಿ ಕಮಾಂಡ್‌ನಿಂದ ಆ 3ನ್ನ ಪೆನ್‌ಡ್ರೈವ್‌ಗೆ ಕಾಪಿ ಮಾಡಿದ್ವಿ. ಪೆನ್‌ಡ್ರೈವ್‌ಗೇ, ಅದೇ ಡಿಸ್ಕ್‌ಗಲ್ಲ. ಸಾಲು ಎಣಿಸಿದರೆ 7,012. ಗದಗ ಮೂರು ಸಲ ಎಣಿಸಿದ. ಪವರ್ ಬಟನ್ ಒತ್ತಿದ್ದರೆ ಪೈಥಾನ್ ಸಾಯೋದು, ಬಾಗಿಲು ಮುಚ್ಚೋದು, ಆ ಐನೋಡ್ ಅಲ್ಲಿಗೆ ಮುಗಿಯೋದು.

ಇನ್ನೊಂದು ತಮಾಷೆ. ಲ್ಯಾಬ್‌ನಲ್ಲಿ ನಮಗೆ ಹೇಳಿಕೊಡೋದು ಫೈಲ್ ತೆರಿ, ಬರಿ, ತಕ್ಷಣ ಮುಚ್ಚು ಅಂತ. ಒಳ್ಳೇ ಪದ್ಧತಿ, ಅದರಲ್ಲಿ ಎರಡು ಮಾತಿಲ್ಲ. ಗದಗನ ಸ್ಕ್ರಿಪ್ಟ್ ಆ ಪದ್ಧತಿಯದ್ದಲ್ಲ. ಒಂದು ಸಲ ತೆರೆದು, ಓಡೋವರೆಗೂ ಹಿಡ್ಕೊಂಡೇ ಇರೋದು. ವಾರ ವಾರವೂ ಅದಕ್ಕೆ ಬೈಸ್ಕೊಂಡಿದ್ದ. ಅವತ್ತು ಆ ಸ್ಕ್ರಿಪ್ಟ್ ಶಿಸ್ತಾಗಿದ್ದಿದ್ರೆ ಹತ್ತು ನಿಮಿಷಕ್ಕೊಂದು ಸಲ ಕಣ್ಣು ಮಿಟುಕಿಸೋವಷ್ಟು ಹೊತ್ತು ಮಾತ್ರ ಬಾಗಿಲು ತೆರೆದಿರೋದು.

ಓಡ್ತಿರೋದನ್ನ ನಿಲ್ಲಿಸಬೇಡ ಅನ್ನೋ ಪಾಠಕ್ಕೆ ಯುನಿಕ್ಸ್ ಲೋಕದಲ್ಲಿ ಇದಕ್ಕಿಂತ ದೊಡ್ಡ ಕಥೆ ಇದೆ. 1986ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಯೂನಿವರ್ಸಿಟಿಯ ಒಂದು ವ್ಯಾಕ್ಸ್ ಮೆಷಿನ್‌ನಲ್ಲಿ ಯಾರೋ ರೂಟ್ ಆಗಿದ್ದುಕೊಂಡು ಮೇಲಿನಿಂದಲೇ ಆರ್‌ಎಂ ಬಿಟ್ಟಿದ್ರು. ಮಧ್ಯದಲ್ಲಿ ನಿಲ್ಲಿಸೋಷ್ಟರಲ್ಲಿ ಬಿನ್, ಇಟಿಸಿ, ಡೆವ್ ಎಲ್ಲಾ ಮಾಯ. ಎಲ್‌ಎಸ್ ಕೂಡ ಇಲ್ಲ. ಒಂದು ಟರ್ಮಿನಲ್‌ನಲ್ಲಿ ಈಮ್ಯಾಕ್ಸ್ ಎಡಿಟರ್ ಮಾತ್ರ ತೆರೆದಿತ್ತು. ಅವರು ಮೆಷಿನ್ ಆಫ್ ಮಾಡಲಿಲ್ಲ. ಅಸೆಂಬ್ಲಿಯಲ್ಲಿ ಪುಟ್ಟ ಪ್ರೋಗ್ರಾಂ ಬರೆದು, ಅದರ ಬೈಟ್‌ಗಳನ್ನ ಆ ಈಮ್ಯಾಕ್ಸ್‌ಗೆ ತುಂಬಿಸಿ, ಅಲ್ಲಿಂದ ಒಂದೊಂದೇ ಕಟ್ಟಿಕೊಂಡು ಸಿಸ್ಟಂ ಎಬ್ಬಿಸಿದ್ರು. ಮಾರಿಯೋ ವೋಲ್ಚ್ಕೊ ಅನ್ನೋರು ಅದನ್ನ ಬರೆದಿಟ್ಟಿದ್ದಾರೆ. ಮೈಕ್ರೋಪ್ರೊಸೆಸರ್ ಲ್ಯಾಬ್ ಯಾಕೆ ಬೇಕು ಅಂತ ಕೇಳೋ ಜೂನಿಯರ್ಸ್‌ಗೆ ನಾನು ಈ ಕಥೆ ಹೇಳ್ತೀನಿ. ಯಾರೂ ಒಪ್ಪಲ್ಲ.

ನಮ್ಮ ರೂಮಿಗೆ ಬರೋಣ. ಸಿಎಸ್‌ವಿ ಸಿಕ್ತು, ಆದರೆ ಅದೇ ಫೋಲ್ಡರ್‌ನಲ್ಲಿ ಪಾತಿಗಳ ಫೋಟೋ ಇದ್ವು, ದಿನಕ್ಕೊಂದರಂತೆ 49. ರಿಪೋರ್ಟ್ ಇತ್ತು. ಬೋರ್ಡ್‌ನ ಕೋಡ್, ಪೈಥಾನ್ ಸ್ಕ್ರಿಪ್ಟ್ ಇದ್ವು. ಇವ್ಯಾವನ್ನೂ ಯಾವ ಪ್ರೋಗ್ರಾಂ ಕೂಡ ತೆರೆದು ಹಿಡಿದಿರಲಿಲ್ಲ. ಇವು ಖಾಲಿ ಗುರುತು ಬಿದ್ದ ರೂಮುಗಳು. ಈಗ ಕೆಲಸ ಉಲ್ಟಾ: ಆದಷ್ಟು ಬೇಗ ಆ ಡಿಸ್ಕ್‌ಗೆ ಏನೂ ಬರೆಯದ ಹಾಗೆ ಮಾಡಬೇಕು. ಮಾಮೂಲಿ ಶಟ್‌ಡೌನ್ ಮಾಡಿದರೂ ಸಿಸ್ಟಂ ಲಾಗು, ಬ್ರೌಸರ್ ಕ್ಯಾಶ್ ಅಂತ ಏನೇನೋ ಬರೆದೇ ಮಲಗುತ್ತೆ. ಕೀಬೋರ್ಡ್‌ನಲ್ಲಿ ಪ್ರಿಂಟ್ ಸ್ಕ್ರೀನ್ ಕೀ ಇದೆಯಲ್ಲ, ಅದೇ ಸಿಸ್‌ಆರ್‌ಕ್ಯೂ. ಆಲ್ಟ್ ಜೊತೆ ಅದನ್ನ ಒತ್ತಿ ಎಸ್ ಅಂದ್ರೆ ಬಾಕಿ ಇರೋದು ಡಿಸ್ಕ್‌ಗೆ ಹೋಗುತ್ತೆ, ಯು ಅಂದ್ರೆ ಡಿಸ್ಕ್‌ಗಳೆಲ್ಲಾ ಓದೋಕೆ ಮಾತ್ರ ಆಗ್ತವೆ, ಬಿ ಅಂದ್ರೆ ರೀಬೂಟ್. ಉಬುಂಟುವಿನಲ್ಲಿ ಈ ಮೂರಕ್ಕೂ ಮೊದಲಿಂದಲೇ ಅನುಮತಿ ಇರುತ್ತೆ.

ಆಮೇಲೆ ಲೈವ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಅವನ ಪಾರ್ಟಿಶನ್ ಪೂರ್ತಿ ಡಿಡಿ ಕಮಾಂಡ್‌ನಿಂದ ಇಮೇಜ್ ತೆಗೆದ್ವಿ. 100 ಜಿಬಿ, ಅರ್ಧ ಗಂಟೆ ಮೇಲೆ ಸ್ವಲ್ಪ. ಇಲ್ಲಿ ಆತುರಪಟ್ಟು ಫೈಲ್ ಮ್ಯಾನೇಜರ್‌ನಲ್ಲಿ ಡಿಸ್ಕ್ ಮೇಲೆ ಕ್ಲಿಕ್ ಮಾಡಿ ಮೌಂಟ್ ಮಾಡಬೇಡಿ. ರೀಡ್ ಓನ್ಲಿ ಅಂತ ಹೇಳಿ ಮೌಂಟ್ ಮಾಡಿದ್ರೂ, ಜರ್ನಲ್‌ನಲ್ಲಿ ಬಾಕಿ ಏನಾದ್ರೂ ಇದ್ದರೆ ಎಕ್ಸ್‌ಟಿ4 ಅದನ್ನ ರಿಪ್ಲೇ ಮಾಡೇ ಮಾಡುತ್ತೆ. ಇಮೇಜ್‌ಗೆ ಎಕ್ಸ್‌ಟರ್ನಲ್ ಡಿಸ್ಕ್ ಬೇಕಿತ್ತು. ಎದುರು ರೂಮಿನ ಸೀನಿಯರ್ ಹತ್ರ ಒಂದಿತ್ತು, ತುಂಬಾ ಸಿನಿಮಾ. ರಾತ್ರಿ ಹನ್ನೆರಡೂವರೆಗೆ ಎಬ್ಬಿಸಿ, ಯಾವ್ಯಾವ ಸಿನಿಮಾ ಅಳಿಸಬಹುದು ಅಂತ ಚೌಕಾಶಿ ಮಾಡೋಕೇ ಇಪ್ಪತ್ತು ನಿಮಿಷ ಹಿಡೀತು. ಡಿಸ್ಕ್ ಫ್ಯಾಟ್32 ಆಗಿದ್ರೆ 4 ಜಿಬಿಗಿಂತ ದೊಡ್ಡ ಫೈಲ್ ಕೂರಲ್ಲ, ಅದನ್ನೂ ನೋಡ್ಕೊಳ್ಳಿ.

ಇಮೇಜ್ ನನ್ನ ಲ್ಯಾಪ್‌ಟಾಪ್‌ಗೆ ಹಾಕ್ಕೊಂಡು ಕೂತ್ವಿ. ಹಳೇ ಎಕ್ಸ್‌ಟಿ2 ಕಾಲದಲ್ಲಿ ಇದು ಸುಲಭ ಇತ್ತು. ಫೈಲ್ ಅಳಿಸಿದಾಗ ಐನೋಡ್‌ನಲ್ಲಿ ಅಳಿಸಿದ ಸಮಯ ಬರೆದು, ಬ್ಲಾಕ್ ನಂಬರ್‌ಗಳನ್ನ ಹಾಗೇ ಬಿಡೋದು. ವಾರ್ಡನ್ 'ಖಾಲಿ ಮಾಡಿದ್ದಾರೆ' ಅಂತ ಬರೆದು ರೂಮ್ ನಂಬರ್ ಹೊಡೆಯದೇ ಬಿಟ್ಟ ಹಾಗೆ. ಡೀಬಗ್‌ಎಫ್‌ಎಸ್ ತೆಗೆದು ಕೇಳಿದರೆ ಪಟ್ಟಿ ಸಿಗೋದು. ಎಕ್ಸ್‌ಟಿ3, ಎಕ್ಸ್‌ಟಿ4 ಬಂದಮೇಲೆ ಅಳಿಸುವಾಗ ಐನೋಡ್‌ನೊಳಗಿನ ಆ ವಿಳಾಸವೂ ಸೊನ್ನೆ. ಸಾಮಾನು ರೂಮಲ್ಲೇ ಇದೆ, ಯಾವ ರೂಮು ಅಂತ ರಿಜಿಸ್ಟರ್‌ನಲ್ಲಿ ಇಲ್ಲ. ಜರ್ನಲ್‌ನಲ್ಲಿ ಐನೋಡ್‌ನ ಹಳೇ ಪ್ರತಿ ಉಳಿದಿದ್ರೆ ಎಕ್ಸ್‌ಟಿಅನ್‌ಡಿಲೀಟ್, ಎಕ್ಸ್‌ಟಿ4ಮ್ಯಾಜಿಕ್ ಅನ್ನೋ ಟೂಲ್‌ಗಳು ಅದರಿಂದ ಹೆಸರು ಸಮೇತ ವಾಪಸ್ ತರ್ತವೆ. ನಮಗೆ ಅದರಿಂದ ಏನೂ ಬರಲಿಲ್ಲ.

ಉಳಿದದ್ದು ಫೋಟೋರೆಕ್. ಕ್ರಿಸ್ತೋಫ್ ಗ್ರೆನಿಯರ್ ಅನ್ನೋ ಫ್ರೆಂಚ್ ಡೆವಲಪರ್ ಬರೆದದ್ದು, ಟೆಸ್ಟ್‌ಡಿಸ್ಕ್ ಪ್ಯಾಕೇಜ್ ಹಾಕಿದ್ರೆ ಜೊತೆಗೇ ಬರುತ್ತೆ. ಹೆಸರಲ್ಲಿ ಫೋಟೋ ಇದ್ರೂ ನೂರಾರು ಬಗೆಯ ಫೈಲ್ ಹುಡುಕುತ್ತೆ. ಅದು ರಿಜಿಸ್ಟರ್ ಕಡೆ ತಿರುಗಿಯೂ ನೋಡಲ್ಲ, ಸೀದಾ ಒಂದೊಂದೇ ರೂಮಿನ ಬಾಗಿಲು ತಟ್ಟಿ ಒಳಗೆ ಏನಿದೆ ಅಂತ ನೋಡುತ್ತೆ. ಪ್ರತಿ ಬಗೆಯ ಫೈಲಿಗೂ ಮೊದಲ ಕೆಲವು ಬೈಟ್ ಒಂದೇ ಥರ. ಜೆಪೆಗ್ ಅಂದ್ರೆ ಎಫ್‌ಎಫ್ ಡಿ8 ಎಫ್‌ಎಫ್. ಪಿಡಿಎಫ್ ಅಂದ್ರೆ ಪರ್ಸೆಂಟ್ ಗುರುತು, ಪಕ್ಕದಲ್ಲಿ ಪಿಡಿಎಫ್ ಅಂತಲೇ. ಜಿಪ್ ಅಂದ್ರೆ ಪಿಕೆ, ಆ ಫಾರ್ಮ್ಯಾಟ್ ಮಾಡಿದ ಫಿಲ್ ಕಾಟ್ಜ್‌ನ ಇನಿಶಿಯಲ್. ನಿಮ್ಮ ವರ್ಡ್ ಫೈಲು, ಲಿಬ್ರೆಆಫೀಸ್ ಫೈಲು ಕೂಡ ಒಳಗೆ ಜಿಪ್ಪೇ. ಫ್ರೀ ಜಾಗ ಮಾತ್ರ ಹುಡುಕು ಅಂತ ಆಯ್ಕೆ ಇದೆ, ಅದನ್ನೇ ಕೊಡಿ. ಪೂರ್ತಿ ಡಿಸ್ಕ್ ಕೊಟ್ಟರೆ ಅಳಿಸದೇ ಇರೋದೆಲ್ಲಾ ಬಂದು ರಾಶಿ ಬೀಳುತ್ತೆ.

ಹಾಗೆ ಕೊಟ್ಟರೂ ರಾಶಿ ಬಿತ್ತು. ಫೋಟೋರೆಕ್ ಹೆಸರು ಕೊಡಲ್ಲ, ಎಫ್ ಅಕ್ಷರ ಹಾಕಿ ಮುಂದೆ ಸೆಕ್ಟರ್ ನಂಬರ್ ಅಂಟಿಸುತ್ತೆ. ಸಾವಿರಾರು ಜೆಪೆಗ್. ಬ್ರೌಸರ್‌ನಲ್ಲಿ ಎಂದೋ ನೋಡಿದ ಶೂ, ಕ್ರಿಕೆಟ್, ಹೀರೋಗಳು, ಮೀಮ್. ಒಬ್ಬ ಮನುಷ್ಯನ ಎರಡು ವರ್ಷದ ಬ್ರೌಸರ್ ಕ್ಯಾಶ್ ಅವನ ಕಣ್ಣೆದುರೇ ನೋಡೋದು ಸಂಕೋಚದ ಕೆಲಸ. "ನೀ ಅತ್ಲಾಗ ನೋಡು, ನಾ ತೆಗೀತೀನಿ" ಅಂದ. ಆಮೇಲೆ ಎಕ್ಸಿಫ್‌ಟೂಲ್ ಹಾಕಿ ಅವನ ಫೋನ್ ಮಾಡೆಲ್‌ನಲ್ಲಿ ತೆಗೆದದ್ದು ಮಾತ್ರ ಬೇರೆ ಮಾಡಿ, ತಾರೀಕಿನ ಪ್ರಕಾರ ಹೆಸರಿಟ್ವಿ. 49ರಲ್ಲಿ 43 ಪೂರ್ತಿ. ನಾಲ್ಕು ಅರ್ಧ: ಮೇಲೆ ಹಸಿರು ಎಲೆ, ಕೆಳಗೆ ಬೂದು ಬಣ್ಣದ ಗೋಡೆ ಕಟ್ಟಿದ ಹಾಗೆ. ಆ ಬ್ಲಾಕ್‌ಗಳಿಗೆ ಬೇರೆ ಏನೋ ಬಂದು ಕೂತಿತ್ತು. ಎರಡು ಸಿಗಲೇ ಇಲ್ಲ.

ರಿಪೋರ್ಟ್ ಒಂದಲ್ಲ, ಹನ್ನೊಂದು ಸಿಕ್ವು. ಲಿಬ್ರೆಆಫೀಸ್ ಸೇವ್ ಮಾಡುವಾಗ ಹಳೇದರ ಮೇಲೇ ಬರೆಯಲ್ಲ, ಹೊಸದಾಗಿ ಬರೆದು ಹಳೇದರ ಜಾಗಕ್ಕೆ ಇಡುತ್ತೆ, ಹಾಗಾಗಿ ಹಳೇ ಪ್ರತಿಗಳೆಲ್ಲಾ ಖಾಲಿ ಜಾಗದಲ್ಲಿ ಬಿದ್ದಿರ್ತವೆ. ಕೊನೇ ದಿನದ್ದು ತೆರೆಯಲಿಲ್ಲ, ಹಿಂದಿನ ದಿನದ್ದು ತೆರೀತು. ತೀರಾ ಹಳೇದರಲ್ಲಿ ಕೃತಜ್ಞತೆ ಪುಟದ ಕೆಳಗೆ ಕನ್ನಡದಲ್ಲಿ ಎರಡು ಸಾಲಿತ್ತು, ಸಸಿ ಕಟ್ಟು ಕಟ್ಟಿ ಬಸ್ಸಿಗೆ ಹಾಕಿ ಕಳಿಸಿದ ಅಪ್ಪನ ಬಗ್ಗೆ. ಫಾರ್ಮ್ಯಾಟ್‌ನಲ್ಲಿ ಇಲ್ಲ ಅಂತ ತೆಗೆಸಿದ್ರಂತೆ. ಗದಗ ಓದಿ ಏನೂ ಹೇಳದೆ ಮುಂದಿನ ಫೈಲ್ ತೆಗೆದ.

ಕೋಡ್ ಕಥೆ ಬೇರೆ. ಪ್ಲೇನ್ ಟೆಕ್ಸ್ಟ್ ಫೈಲ್‌ಗೆ ಮೊದಲ ಬೈಟ್‌ನ ಗುರುತು ಅಂತ ಏನೂ ಇರಲ್ಲ, ಫೋಟೋರೆಕ್ ಅಲ್ಲಿ ತಡಕಾಡುತ್ತೆ. ಬೋರ್ಡ್‌ನಲ್ಲಿ ಪ್ರೋಗ್ರಾಂ ಓಡ್ತಾನೇ ಇತ್ತು, ಆದರೆ ಅದು ಬೈನರಿ. ಡಿಸ್ಕ್ ಇಮೇಜನ್ನೇ ಒಂದು ದೊಡ್ಡ ಪುಸ್ತಕ ಅಂದ್ಕೊಂಡು ಅದರಲ್ಲಿ ಒಂದು ಪದ ಹುಡುಕೋದೊಂದೇ ದಾರಿ. ಸ್ಟ್ರಿಂಗ್ಸ್ ಕಮಾಂಡ್ ಓದಬಹುದಾದ ಅಕ್ಷರಗಳನ್ನೆಲ್ಲಾ ಹೆಕ್ಕಿ, ಹೈಫನ್ ಟಿ ಡಿ ಕೊಟ್ಟರೆ ಅದು ಎಷ್ಟನೇ ಬೈಟ್‌ನಲ್ಲಿದೆ ಅಂತಲೂ ಹೇಳುತ್ತೆ. ಅದನ್ನ ಗ್ರೆಪ್‌ಗೆ ಕೊಡಬೇಕು. ಆದರೆ ಯಾವ ಪದ? ಸೆನ್ಸರ್, ಟೆಂಪ್, ಡೇಟಾ, ವ್ಯಾಲ್ಯೂ, ಇಂಥವು ಲಿನಕ್ಸ್ ಡಿಸ್ಕ್‌ನಲ್ಲಿ ಲಕ್ಷ ಕಡೆ ಇರ್ತವೆ.

"ನಿನ್ನ ಕೋಡ್‌ನಲ್ಲಿ ಮಾತ್ರ ಇರೋ ಪದ ಯಾವುದಾದ್ರೂ ಹೇಳು."

ಸ್ವಲ್ಪ ಯೋಚಿಸಿ ನಕ್ಕ. ಆ ರಾತ್ರಿ ಮೊದಲ ಸಲ. "ಉಳ್ಳಾಗಡ್ಡಿ" ಅಂದ.

ಪಾತಿಗಳ ವೇರಿಯಬಲ್‌ಗೆ ಅವನು ಉಳ್ಳಾಗಡ್ಡಿ1, ಉಳ್ಳಾಗಡ್ಡಿ2 ಅಂತ ಇಂಗ್ಲಿಷ್ ಅಕ್ಷರದಲ್ಲಿ ಹೆಸರಿಟ್ಟಿದ್ದ. ರಿವ್ಯೂನಲ್ಲಿ ಅರ್ಥವಾಗೋ ಹೆಸರಿಡು ಅಂದಿದ್ರು. ನಾನೂ ಮೂರು ವರ್ಷದಿಂದ, ಅದು ಈರುಳ್ಳಿ ಕಣೋ ಅಂತ ಮೆಸ್‌ನಲ್ಲಿ ರೇಗಿಸ್ತಾ ಬಂದಿದ್ದೆ. 100 ಜಿಬಿಯಲ್ಲಿ ಆ ಪದ ಬೇರೆ ಯಾರ ಕೋಡ್‌ನಲ್ಲೂ ಇರಲಿಲ್ಲ. ಇಡೀ ಉಬುಂಟುವಿನಲ್ಲಿ ಉಳ್ಳಾಗಡ್ಡಿ ಬೆಳೆದವನು ಇವನೊಬ್ಬನೇ. ಸಿಕ್ಕ ಸಾಲುಗಳೆಲ್ಲಾ ಅವನವೇ: ಬೋರ್ಡ್ ಕೋಡ್‌ನ ಮೂರು ಪ್ರತಿ, ಪೈಥಾನ್‌ನ ಎರಡು. ಸಿಕ್ಕ ಬೈಟ್ ಸಂಖ್ಯೆಯನ್ನ 4096ರಿಂದ ಭಾಗಿಸಿದರೆ ಬ್ಲಾಕ್ ನಂಬರ್. ಅಲ್ಲಿಂದ ಹಿಂದೆ ಮುಂದೆ ಎರಡೆರಡು ಬ್ಲಾಕ್ ಸೇರಿಸಿ ಡಿಡಿಯಿಂದ ಕತ್ತರಿಸಿ, ಎಡಿಟರ್‌ನಲ್ಲಿ ತೆರೆದು ಬಾಲ ಕತ್ತರಿಸಿದ್ವಿ. ಸಣ್ಣ ಫೈಲ್‌ಗಳು ಸಾಮಾನ್ಯವಾಗಿ ಒಂದೇ ಕಡೆ ಅಕ್ಕಪಕ್ಕ ಇರೋದರಿಂದ ಇದು ನಡೀತು.

ನಮ್ಮ ಕ್ಲಬ್‌ನೋರಿಗಾಗಿ ಒಂದು ಮಾತು. ಕನ್ನಡ ಲಿಪಿಯಲ್ಲೇ ಬರೆದ ಟೆಕ್ಸ್ಟ್ ಹುಡುಕಬೇಕಾದ್ರೆ ಸ್ಟ್ರಿಂಗ್ಸ್ ಮಾಮೂಲಿ ರೀತಿಯಲ್ಲಿ ನೆಚ್ಚೋಕಾಗಲ್ಲ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಅಕ್ಷರಚಿಹ್ನೆಗೂ ಮೂರು ಬೈಟ್, ಮೊದಲೆರಡು ಯಾವಾಗಲೂ ಇ0 ಬಿ2 ಅಥವಾ ಇ0 ಬಿ3. ಗ್ರೆಪ್‌ಗೆ ಹೈಫನ್ ಎ ಕೊಟ್ಟು ಕನ್ನಡ ಪದವನ್ನೇ ನೇರವಾಗಿ ಹುಡುಕಿ. ಕಳೆದುಹೋದ ಕವನಕ್ಕೂ ಇದೇ ದಾರಿ.

ಇಷ್ಟೆಲ್ಲಾ ಆದದ್ದು ಅವನ ಲ್ಯಾಪ್‌ಟಾಪ್‌ನಲ್ಲಿ ತಿರುಗೋ ಹಾರ್ಡ್‌ಡಿಸ್ಕ್ ಇದ್ದದ್ದರಿಂದ. ಸುದ್ದಿ ಹರಡಿ ಒಂದು ತಿಂಗಳಿಗೆ ಜೂನಿಯರ್ ಒಬ್ಬಳು ಬಂದಳು. ಹೊಸ ಲ್ಯಾಪ್‌ಟಾಪ್, ಎಸ್‌ಎಸ್‌ಡಿ. ತೀರಿಹೋದ ಅಜ್ಜನ ಮಾತು ರೆಕಾರ್ಡ್ ಮಾಡಿಟ್ಟ ಫೋಲ್ಡರ್ ಹೋಗಿತ್ತು, ಐದು ದಿನದ ಹಿಂದೆ. ಎಸ್‌ಎಸ್‌ಡಿಯಲ್ಲಿ ಟ್ರಿಮ್ ಅಂತ ಇದೆ, ಓಎಸ್ ಡಿಸ್ಕ್‌ಗೆ 'ಈ ಬ್ಲಾಕ್‌ಗಳು ಇನ್ನು ಬೇಡ' ಅಂತ ಹೇಳೋದು. ಹೇಳಿದ ಮೇಲೆ ಡಿಸ್ಕ್ ಸಾಮಾನು ಸಮೇತ ರೂಮು ತೊಳೆದುಬಿಡುತ್ತೆ. ಉಬುಂಟು ಇದನ್ನ ವಾರಕ್ಕೊಂದು ಸಲ ಎಫ್‌ಎಸ್‌ಟ್ರಿಮ್ ಟೈಮರ್‌ನಿಂದ ಮಾಡುತ್ತೆ, ಸೋಮವಾರ. ಹಾಗಾಗಿ ಮಂಗಳವಾರ ಅಳಿಸಿದ್ದಕ್ಕೆ ಒಂದಿಷ್ಟು ದಿನ ಇರಬಹುದು, ಆ ಟೈಮರ್ ನಿಲ್ಲಿಸಿದರೆ. ಅವಳದ್ದು ಗುರುವಾರ ಅಳಿಸಿತ್ತು, ನಮ್ಮ ಹತ್ರ ಬಂದದ್ದು ಮಂಗಳವಾರ. ಹೆಕ್ಸ್‌ಡಂಪ್ ಹಾಕಿ ಖಾಲಿ ಜಾಗ ನೋಡಿದ್ವಿ. ಒಂದು ಸಾಲು ಸೊನ್ನೆ, ಕೆಳಗೆ ಒಂದು ಸ್ಟಾರ್. ಮುಂದಿನದೆಲ್ಲಾ ಹೀಗೇ ಅಂತ ಹೇಳೋಕೆ ಹೆಕ್ಸ್‌ಡಂಪ್ ಹಾಕೋ ಗುರುತು ಅದು. ಫೋಟೋರೆಕ್ ಎರಡು ಗಂಟೆ ಓಡಿ ಒಂದೂ ಆಡಿಯೋ ಕೊಡಲಿಲ್ಲ. ಅವಳು "ಪರವಾಗಿಲ್ಲ ಅಣ್ಣ" ಅಂತ ಹೇಳಿ ಹೋದಳು. ಆ ಮಾತಿಗೆ ಏನು ಉತ್ತರ ಕೊಡಬೇಕು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ.

ಗದಗ ಈಗ ಆರ್‌ಎಂ ಬದಲು ಟ್ರ್ಯಾಶ್ ಪುಟ್ ಹೊಡೀತಾನೆ. ಆರ್‌ಎಂಗೆ ದೊಡ್ಡ ಐ ಹಾಕಿ ಅಲಿಯಾಸ್ ಮಾಡ್ಕೋ, ಮೂರಕ್ಕಿಂತ ಹೆಚ್ಚು ಫೈಲ್ ಇದ್ರೆ ಒಂದು ಸಲ ಕೇಳುತ್ತೆ ಅಂತ ನಾನು ಹೇಳಿದ್ದೆ. ಆದರೆ ಆಮೇಲೆ ಹೈಫನ್ ಎಫ್ ಬಂದ್ರೆ ಆ ಕೇಳೋದೂ ನಿಂತುಹೋಗುತ್ತೆ, ಅವನ ಬೆರಳಿಗೆ ಎಫ್ ಹಾಕೋ ಚಟ ಇನ್ನೂ ಹೋಗಿಲ್ಲ. ಹಾಗಾಗಿ ಟ್ರ್ಯಾಶೇ ಸರಿ.

ಆ ರಾತ್ರಿ ನಿಂತ ಲಾಗರ್ ಮತ್ತೆ ಶುರುವಾದದ್ದು ಮಾರನೇ ದಿನ ಮಧ್ಯಾಹ್ನ ಮೂರಕ್ಕೆ. ವೈವಾದಲ್ಲಿ ಎಕ್ಸ್‌ಟರ್ನಲ್ ಸರ್ ಗ್ರಾಫ್ ಮೇಲೆ ಪೆನ್ನಿಟ್ಟು, ನಾಲ್ಕೂ ಗೆರೆ ಒಂದೇ ಕಡೆ ಹದಿನೈದು ಗಂಟೆ ಯಾಕೆ ತುಂಡಾಗಿದೆ ಅಂತ ಕೇಳಿದ್ರು. ಗದಗ ಅವರ ಮುಖ ನೋಡಿ, "ಕರೆಂಟ್ ಹೋಗಿತ್ರೀ ಸರ್" ಅಂದ.